ಗೋಡೆಯ ಮೇಲಿನ ಜಡೆ

ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಕಾಲರಿನ ಹತ್ತಿರ ಬಂದಾಗ ಒಮ್ಮೆ ತಲೆಯೆತ್ತಿ ನೋಡಿದಳು, ಅಷ್ಟೆ. ಏನೂ ಕೇಳಲಿಲ್ಲ. ಆದರೂ ಅವನು ಕೇಳಿದವರಿಗೆ ಉತ್ತರ ಕೊಡುವವನ ಹಾಗೆ, "ನಾಲ್ಕೇ ಮಾತು. ಬೇಗ ಮುಗಿಯುತ್ತೆ" ಎಂದುಬಿಟ್ಟ. ಎಂದ ಮೇಲೆ ತನ್ನ ದನಿ ತನಗೇ ಹಿಡಿಸಲಿಲ್ಲ. ಇತ್ತೀಚೆಗೆ ಹೀಗೇ ಆಗುತ್ತಿತ್ತು. ಯಾರೂ ತಟ್ಟದ ಬಾಗಿಲನ್ನು ತಾನೇ ಹೋಗಿ ತೆರೆಯುವುದು, ಯಾರೂ ಬೈಯದಿದ್ದರೂ ತಾನೇ ಸಮಜಾಯಿಷಿ ಕೊಡುವುದು. ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುತ್ತ ಆ ನಾಲ್ಕು ಮಾತುಗಳನ್ನು ಮತ್ತೊಮ್ಮೆ ಹೇಳಿಕೊಂಡ. ಕಟ್ಟಡ ಹಳೆಯದು. ಅದರ ಮೇಲೆ ನಮ್ಮ ಇಲಾಖೆ ಸದಾ ಕಣ್ಣಿಟ್ಟಿದೆ. ಚಿತ್ರ ಬರೆದದ್ದರಿಂದ ಗೋಡೆಗೆ ಯಾವ ತೊಂದರೆಯೂ ಆಗಿಲ್ಲ. ಕಟ್ಟಡ ಭದ್ರವಾಗಿದೆ. ಮೊದಲ ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಬಂದಾಗ ಕೈ ತಪ್ಪಿತು. ಬ್ಲೇಡು ದವಡೆಯ ಕೆಳಗೆ ಚುರ್ ಎಂದಿತು. ನೊರೆಯಲ್ಲಿ ಸಣ್ಣಗೆ ಕೆಂಪು ಬೆರೆಯುವುದನ್ನು ನೋಡುತ್ತ ನಿಂತ. ಹೆಂಡತಿ ಹಿಂದಿನಿಂದ ಬಂದು ಅಂಗಿಯನ್ನು ಬಾಗಿಲಿನ ಮೊಳೆಗೆ ನೇತುಹಾಕಿ, "ನಿಮ್ಮಕ್ಕ ಬರ್ತಾರಾ?" ಎಂದು ಕೇಳಿದಳು. ಅವಳ ಮನೆಯ ಗೋಡೆಗೇ ಸಮಾರಂಭವಾದರೆ ಅವಳು ಬರದೆ ಇರುತ್ತಾಳೆಯೇ ಎಂದು ಅವನು ಹೇಳಬೇಕೆಂದುಕೊಂಡ. "ಬರ್ತಾಳೆ" ಎಂದಷ್ಟೇ ಹೇಳಿದ. ಅವಳು "ಸರಿ" ಎಂದಳು. ಆ ಸರಿಯಲ್ಲಿ ಏನೂ ಇರಲಿಲ್ಲ. ಅಥವಾ ಎಲ್ಲವೂ ಇತ್ತು. ಎರಡು ವರ್ಷದ ಹಿಂದೆ ಅಕ್ಕ ಜ್ವರ ಬಂದು ಇಲ್ಲಿ ಇದ್ದಾಗ, ಹೆಂಡತಿ ತೊಳೆದಿಟ್ಟ ಪಾತ್ರೆಗಳನ್ನೇ ಅಕ್ಕ ಮತ್ತೊಮ್ಮೆ ತೊಳೆಯುತ್ತಿದ್ದಳು. ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. ಅಕ್ಕ ಹೋದ ದಿನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ, "ಅವರು ಒಳ್ಳೆಯವರೇ. ಆದ್ರೆ ಈ ಮನೇಲಿ ಇರೋದು ಒಂದೇ ಅಡುಗೆಮನೆ. ಇನ್ನೊಂದ್ಸಲ ಇದು ನನ್ನ ಕೈಲಾಗಲ್ಲ" ಎಂದಿದ್ದಳು. ಕೂಗಾಡಿ ಹೇಳಿದ ಮಾತಾಗಿದ್ದರೆ ಮರೆಯಬಹುದಿತ್ತು. ಮೆಲ್ಲಗೆ ಹೇಳಿದ್ದರಿಂದ ಅದು ಮನೆಯ ಒಂದು ಕಂಬದ ಹಾಗೆ ನಿಂತುಬಿಟ್ಟಿತು.

ಗೋಡೆಚಿತ್ರದ ಉದ್ಘಾಟನೆಯ ಸಮಾರಂಭ ಹತ್ತೂವರೆಗೆ. ಹೆಂಡತಿ ಆಮೇಲೆ ಬರುತ್ತಾಳೆ, ಅಧಿಕಾರಿಗಳ ಮನೆಯವರಿಗೆಂದು ಎರಡನೆಯ ಸಾಲು ಕಾದಿರಿಸಿದ್ದರು. ಅವನು ಬೇಗ ಹೊರಟ. ಬಸ್ಸಿಳಿದು ಹಳೇ ಬೀದಿಯ ಬಾಯಿಗೆ ಬಂದಾಗ ಎಂದಿನಂತೆ ಅವನ ಕಣ್ಣು ತಾನಾಗಿಯೇ ಮೇಲಕ್ಕೆ ಹೋಯಿತು. ಇದು ಕೆಲಸ ಅಂಟಿಸಿದ ಚಟ. ಬೇರೆಯವರು ಬೀದಿಯಲ್ಲಿ ಮನುಷ್ಯರ ಮುಖ ನೋಡುತ್ತಾರೆ. ಅವನು ಸೂರಿನ ಅಂಚು, ಕಮಾನಿನ ನಡುವಿನ ಕಲ್ಲು, ನೀರು ಇಳಿದು ಕಪ್ಪಾದ ಮೂಲೆಗಳನ್ನು ನೋಡುತ್ತಾನೆ. ಎರಡೂ ಕಡೆ ಮೂರು ಅಂತಸ್ತಿನ ಮನೆಗಳು, ಭುಜಕ್ಕೆ ಭುಜ ಕೊಟ್ಟು ನಿಂತವು. ಸುಣ್ಣದ ಗಾರೆಯಲ್ಲಿ ಬಿಡಿಸಿದ ಎಲೆಬಳ್ಳಿಗಳು, ಬಾಲ್ಕನಿಯನ್ನು ಹೊತ್ತ ಮರದ ತೊಲೆಗಳ ತುದಿಯಲ್ಲಿ ಕೆತ್ತಿದ ಹಕ್ಕಿಮೂತಿಗಳು, ಅರ್ಧ ಉದುರಿದ ಬಣ್ಣದ ಗಾಜಿನ ಕಿಟಕಿಗಳು. ಈ ಬೀದಿಯನ್ನು ಪಾರಂಪರಿಕ ಬೀದಿ ಎಂದು ಘೋಷಿಸಿದ ಮೇಲೆ ಬೋರ್ಡು ಬಂತು, ಕಾಲುದಾರಿಗೆ ಕಲ್ಲು ಹಾಸಿದರು, ಬೆಳಿಗ್ಗೆ ಬೆಳಿಗ್ಗೆ ಕ್ಯಾಮರಾ ನೇತುಹಾಕಿಕೊಂಡ ಜನ ಬಂದು ಒಣಗಲು ಹಾಕಿದ ಲಂಗೋಟಿಯ ಫೋಟೋ ಕೂಡ ತೆಗೆದುಕೊಂಡು ಹೋದರು. ಆಮೇಲೆ ಬಟ್ಟೆ ಒಣಹಾಕಬಾರದು ಎಂದಾಯಿತು. ಆಮೇಲೆ ಕಿಟಕಿ ಬದಲಾಯಿಸಬಾರದು, ಬಾಗಿಲಿಗೆ ತಮಗಿಷ್ಟದ ಬಣ್ಣ ಹಚ್ಚಬಾರದು. ಈ ಆದೇಶಗಳನ್ನು ಮನೆಮನೆಗೆ ತಲುಪಿಸಿದವನು ಅವನೇ. ಹುಟ್ಟಿ ಬೆಳೆದ ಬೀದಿಯಲ್ಲಿ ಸರಕಾರದ ಬಾಯಾಗಿ ನಿಂತಾಗ ಜನ ಅವನನ್ನು ಬೈಯಲಿಲ್ಲ, ನಗಾಡಿದರು. "ನಮ್ಮ ಕುಳ್ಳ ಈಗ ನಮಗೇ ಕಾನೂನು ಹೇಳ್ತಾನೆ ನೋಡಿ" ಎಂದರು. ಅವನು ಕುಳ್ಳನಲ್ಲ. ಒಂಬತ್ತನೇ ಕ್ಲಾಸಿನವರೆಗೆ ಆಗಿದ್ದ, ಅಷ್ಟೆ. ಆದರೆ ಈ ಬೀದಿಗೆ ಬಂದೊಡನೆ ಅವನ ಬೆನ್ನು ಈಗಲೂ ಸ್ವಲ್ಪ ಬಾಗುತ್ತದೆ.

ಬೀದಿಯ ಕೊನೆಯ ಮನೆಯೇ ಅಕ್ಕನದು. ಅದರ ಪಕ್ಕದ ಮನೆ ಬೆಂಕಿಗೆ ಆಹುತಿಯಾಗಿ ಬಹಳ ಕಾಲ ಖಾಲಿ ಜಾಗವಾಗಿಯೇ ಇತ್ತು, ಹಾಗಾಗಿ ಈ ಮನೆಯ ಒಂದು ಪಕ್ಕದ ಗೋಡೆ, ಕಿಟಕಿಯೊಂದನ್ನು ಬಿಟ್ಟರೆ ಪೂರಾ ಬೋಳು, ಬೀದಿಗೆ ಕಾಣುವಂತೆ ನಿಂತಿತ್ತು. ಆ ಖಾಲಿ ಜಾಗದಲ್ಲಿ ಯಾರೋ ನೆಲಮಾಳಿಗೆಗೆಂದು ಆಳಕ್ಕೆ ಅಗೆದರು. ಅಗೆದ ಕೆಲವೇ ದಿನಕ್ಕೆ ಬೋಳುಗೋಡೆಯಲ್ಲಿ ಸೂರಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಬಿರುಕು ಕಾಣಿಸಿತು. ದೂರು ಹೋಯಿತು, ಅಗೆಯುವುದು ನಿಂತಿತು, ಗುಂಡಿ ಮಾತ್ರ ಹಾಗೇ ಉಳಿಯಿತು. ಅವನು ಬಂದು ಬಿರುಕಿನ ಮೇಲೆ ಗಾಜು ಕೂರಿಸಿದ. ಇದು ಹಳೆಯ ಪದ್ಧತಿ, ಯಂತ್ರಗಳಿಗಿಂತ ನಂಬಿಕೆಯದು. ಬೆರಳಿನಷ್ಟು ಅಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗೆ ಸಿಮೆಂಟಿನ ಮುದ್ದೆ ಒತ್ತುವುದು. ಗೋಡೆ ನಿದ್ದೆ ಮಾಡುತ್ತಿದ್ದರೆ ಗಾಜು ಹಾಗೇ ಇರುತ್ತದೆ. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಕಚೇರಿಯಲ್ಲಿ ಅದನ್ನು ಸಾಕ್ಷಿ ಎನ್ನುತ್ತಿದ್ದರು. ಸಾಕ್ಷಿ ಒಡೆದರೆ ಮುಂದಿನದರಲ್ಲಿ ಚರ್ಚೆಯೇ ಇಲ್ಲ, ಅಂದೇ ಮನೆ ಖಾಲಿ ಮಾಡಿಸಬೇಕು. ಖಾಲಿಯಾದವರು ಊರಾಚೆಯ ತಗಡಿನ ಶೆಡ್ಡುಗಳಿಗೆ ಹೋಗುತ್ತಾರೆ, ರಿಪೇರಿಯಾದ ಮೇಲೆ ಮರಳುತ್ತಾರೆ ಎಂದು ಆದೇಶದಲ್ಲಿ ಇರುತ್ತದೆ. ಹಾಗೆ ಮರಳಿದವರನ್ನು ಅವನು ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಮಾಮೂಲಿನಂತೆ ನೋಡಲು ಬಂದಾಗ ಗಾಜು ಎರಡು ಹೋಳಾಗಿತ್ತು. ಬೀದಿ ಇನ್ನೂ ಪೂರ್ತಿ ಎದ್ದಿರಲಿಲ್ಲ. ಚಿತ್ರ ಬರೆಯುವವರಿಗಾಗಿ ಹಿಂದಿನ ದಿನವಷ್ಟೇ ಕಟ್ಟಿದ ಅಟ್ಟಣಿಗೆಯ ಕಂಬವೊಂದು ಗಾಜಿನ ಪಕ್ಕದಲ್ಲೇ ಇತ್ತು. ಕಂಬ ತಾಗಿಸಿರಬೇಕು ಎಂದುಕೊಂಡ. ಎಷ್ಟು ಬೇಗ ಹಾಗೆಂದುಕೊಂಡ ಎಂದರೆ, ಆ ಯೋಚನೆ ಗಾಜು ಒಡೆಯುವ ಮೊದಲೇ ತಲೆಯಲ್ಲಿ ಸಿದ್ಧವಾಗಿ ಕೂತಿತ್ತೇನೋ ಎನಿಸುವಂತೆ. ಏಟು ಬಿದ್ದ ಗಾಜು ಜೇಡನ ಬಲೆಯ ಹಾಗೆ ಚೂರಾಗುತ್ತದೆ, ಎಳೆತಕ್ಕೆ ಸಿಕ್ಕ ಗಾಜು ಒಂದೇ ಗೆರೆಯಲ್ಲಿ ಸೀಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಪಾಠ ಹೇಳಿಕೊಡುತ್ತಿದ್ದವನೇ ಅವನು. ಅವನೆದುರಿಗಿದ್ದದ್ದು ಒಂದೇ ಗೆರೆ, ಬಿರುಕಿಗೆ ಸರಿಯಾಗಿ, ಚೊಕ್ಕವಾಗಿ. ಆದರೂ ಕೈಗಳು ಯಾರನ್ನೂ ಕೇಳದೆ ಚೀಲ ತೆರೆದವು, ಉಳಿಯಿಂದ ಹಳೆಯ ಗಾಜನ್ನು ಕಿತ್ತವು, ಹೊಸದನ್ನು ಕೂರಿಸಿದವು. ಹೋಳುಗಳನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಕೂತಾಗ ಅವು ತೊಡೆಗೆ ಒತ್ತುತ್ತಿದ್ದವು. ಅಕ್ಕನ ಮನೆ ಉಳಿಸಿದೆ ಎಂದು ಆ ದಿನವೆಲ್ಲ ತನ್ನನ್ನು ತಾನೇ ಸವರಿಕೊಂಡ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ತನ್ನನ್ನು ಇಂಜಿನಿಯರು ಮಾಡಿದವಳು, ಅವಳ ಹೆಸರಿಗೆ ಈ ಜಗತ್ತಿನಲ್ಲಿ ಇರುವುದು ಆ ಒಂದು ಬಾಡಿಗೆ ಕೋಣೆ, ಅದನ್ನು ನಾನೇ ಕಿತ್ತುಕೊಳ್ಳಲೇ ಎಂದೆಲ್ಲ. ಸಂಜೆ ಮನೆಗೆ ಬಂದು ಬಾಗಿಲು ತೆರೆದಾಗ, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಎರಡು ಜೊತೆ ಚಪ್ಪಲಿ ಇದ್ದ ಆ ಅಚ್ಚುಕಟ್ಟಾದ ಮನೆಯನ್ನು ಕಂಡಾಗ, ಎದೆಯಲ್ಲಿ ತಣ್ಣಗೆ ಒಂದು ಸಮಾಧಾನ ಹರಡಿತು. ಆಗ ಅವನಿಗೆ ತಾನು ಯಾರ ಮನೆ ಉಳಿಸಿದೆ ಎನ್ನುವುದು ಗೊತ್ತಾಯಿತು. ಗೊತ್ತಾದದ್ದು ಒಳ್ಳೆಯದಾಗಲಿಲ್ಲ. ಅಂದಿನಿಂದ ಊಟ ರುಚಿಸುತ್ತಿರಲಿಲ್ಲ.

ಚಿತ್ರ ಬರೆಯಲು ಬಂದವಳು ಇಪ್ಪತ್ತೈದರ ಹುಡುಗಿ, ಮೈತುಂಬ ಬಣ್ಣ, ಬಾಯಿ ತುಂಬ ಮಾತು. ಗೋಡೆಯನ್ನು ನೋಡಿದ ಮೊದಲ ದಿನವೇ ಕುಣಿದಾಡಿದ್ದಳು. "ಈ ಬಿರುಕು ನೋಡಿ ಸರ್, ಇದೇ ನನಗೆ ಇಡೀ ಚಿತ್ರ ಕೊಡ್ತು!" ಸೂರಿನ ಕೆಳಗೆ ಒಂದು ಹೆಂಗಸಿನ ತಲೆ, ಅರ್ಧ ತಿರುಗಿದ ಮುಖ. ಬಿರುಕು ಎಲ್ಲೆಲ್ಲಿ ಇಳಿಯುತ್ತದೋ ಅಲ್ಲೆಲ್ಲ ಅವಳ ಜಡೆ, ಮೂರು ಅಂತಸ್ತು ಇಳಿದು ನೆಲ ಮುಟ್ಟುವ ಕಪ್ಪು ಜಡೆ. ಅಕ್ಕನ ಕಿಟಕಿ ಆ ಹೆಂಗಸಿನ ಕಿವಿಯ ಜಾಗಕ್ಕೆ ಬಂದಿತ್ತು. ಅದರ ಬಾಗಿಲುಗಳ ಮೇಲೆ ಓಲೆ ಬರೆದಳು. ತೆರೆದರೆ ಓಲೆ ಸೀಳಿಹೋಗುತ್ತದೆ, ಆದ್ದರಿಂದ ಹಗಲು ಹೊತ್ತು ಕಿಟಕಿ ಮುಚ್ಚಿರಬೇಕು ಎಂದಾಯಿತು. ಅದನ್ನೂ ಅಕ್ಕನಿಗೆ ಹೇಳಿದವನು ಅವನೇ. ಅಕ್ಕ, "ಆಯ್ತು ಬಿಡು, ಲೈಟು ಹಾಕ್ಕೊಂಡು ಹೊಲೀತೀನಿ. ಅಷ್ಟು ದೊಡ್ಡ ಕಿವಿ ಅವಳಿಗೆ, ನನ್ನ ಗೊಣಗಾಟನಾದ್ರೂ ಕೇಳಿಸ್ಕೊಳ್ಳಲಿ" ಎಂದು ನಕ್ಕಿದ್ದಳು. ಹುಡುಗಿ ಕೆಳಗಿನವರೆಗೆ ಬಂದಾಗ ಅವನನ್ನು ಕರೆದು ಗಾಜು ತೋರಿಸಿ, "ಇದನ್ನ ತೆಗೀಬಹುದಾ ಸರ್?" ಎಂದು ಕೇಳಿದಳು. ಅವನು ಗಾಬರಿಯಿಂದ, "ತೆಗೀಬೇಡಿ" ಎಂದ. ಆಮೇಲೆ, ಯಾರೋ ತನ್ನ ಬಾಯಲ್ಲಿ ಕೂತು ಆಡಿಸಿದ ಹಾಗೆ, "ಅದರ ಮೇಲೇ ಬಳೀರಿ" ಎಂದ. ಅವಳು ಗಾಜಿನ ಪಟ್ಟಿಯನ್ನು ಜಡೆಯ ತುದಿಗೆ ಕಟ್ಟಿದ ಕಪ್ಪು ದಾರ ಮಾಡಿದಳು. ಅಂದಿನಿಂದ ತಿಂಗಳು ತಿಂಗಳು ಬಂದು, ಕಾಣದ ಗಾಜಿನ ಮುಂದೆ ನಿಂತು, ಯಥಾಸ್ಥಿತಿ ಎಂದು ವರದಿ ಮಾಡಿ ಹೋಗುತ್ತಿದ್ದ. ಕಾಣದಿದ್ದದ್ದನ್ನು ಒಡೆದಿದೆ ಎನ್ನಲು ಬರುವುದಿಲ್ಲ ತಾನೇ, ಎಂದು ಒಳಗಿನ ವಕೀಲ ವಾದಿಸುತ್ತಿದ್ದ.

ಈಗ ಗುಂಡಿಗೆ ಹಲಗೆ ಹಾಸಿ ಆ ಗೋಡೆಯ ಮುಂದೆ ಶಾಮಿಯಾನ ಹಾಕಿದ್ದರು. ಕೆಂಪು ಕುರ್ಚಿಗಳ ಸಾಲು ಗೋಡೆಯ ಬುಡದವರೆಗೂ ಬಂದಿತ್ತು. ಮೈಕಿನವನು ಹಲೋ ಹಲೋ ಎನ್ನುತ್ತ ಬೀದಿಯ ನಿದ್ದೆ ಕೆಡಿಸುತ್ತಿದ್ದ. ಅವನು ನೇರವಾಗಿ ಜಡೆಯ ತುದಿಗೆ ಹೋದ. ನೋಡಬಾರದು ಎಂದುಕೊಂಡೇ ಬಗ್ಗಿದ. ಕಪ್ಪು ಬಣ್ಣದ ನಡುವೆ ಬಿಳಿಯ ಒಂದು ಗೆರೆ, ಸೂಜಿಯಿಂದ ಗೀರಿದಂತೆ. ಉಗುರು ಇಟ್ಟ. ಉಗುರು ಒಳಕ್ಕೆ ಹೋಯಿತು. ಗಾಜಿನ ಒಂದು ಅಂಚು ಇನ್ನೊಂದಕ್ಕಿಂತ ಮುಂದೆ ಬಂದಿತ್ತು. ಬಿರುಕು ಅಗಲವಾಗಿದ್ದಷ್ಟೇ ಅಲ್ಲ, ಗೋಡೆ ಹೊರಕ್ಕೂ ವಾಲಿತ್ತು. ಹಿಂದಿನಿಂದ ಯಾರೋ "ಅಯ್ಯೋ!" ಎಂದರು. ಚಿತ್ರದ ಹುಡುಗಿ. ಅವಳೂ ಬಗ್ಗಿ ನೋಡಿ, "ಛೆ, ಬಣ್ಣ ಬಿರಿದುಬಿಟ್ಟಿದೆ. ಒಂದೇ ನಿಮಿಷ ಸರ್" ಎಂದು ಓಡಿಹೋಗಿ ಬ್ರಷ್ಷು ತಂದು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಆ ಬಿಳಿಯ ಮೇಲೆ ಕಪ್ಪನ್ನು ಎಳೆದಳು. "ನೋಡಿ ಈಗ. ಗೊತ್ತೇ ಆಗಲ್ಲ." ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಅವನು "ಚೆನ್ನಾಗಿದೆ" ಎಂದ. ಆ ಹೊತ್ತಿಗೆ ದೊಡ್ಡ ಸಾಹೇಬರ ಕಾರು ಬಂತು. ಸಾಹೇಬರು ಇಳಿದವರೇ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಅವನ ಹೆಗಲ ಮೇಲೆ ಕೈ ಹಾಕಿ, "ಏನ್ರೀ, ನಿಮ್ಮ ಬೀದಿ ಇವತ್ತು ಮದುಮಗಳಾಗಿದೆ! ನಿಮ್ಮ ಮಾತು ಚಿಕ್ಕದಿರಲಿ. ಭದ್ರವಾಗಿದೆ ಅಂತ ಒಂದು ಮಾತು ನಿಮ್ಮ ಬಾಯಲ್ಲಿ ಬಂದ್ರೆ ಜನಕ್ಕೆ ಧೈರ್ಯ" ಎಂದರು. "ಸರ್, ಒಂದು ವಿಷಯ" ಎಂದು ಅವನು ಶುರುಮಾಡಿದ. ಸಾಹೇಬರು ಅಷ್ಟರಲ್ಲಿ ಬೇರೆ ಯಾರಿಗೋ ಕೈಮುಗಿಯುತ್ತಿದ್ದರು. ಬಾಯಿ ತೆರೆದವನು ಹಾಗೇ ನಿಂತಿದ್ದ. ಹೂಗುಚ್ಛ ಹಿಡಿದಿದ್ದ ಗುಮಾಸ್ತೆಯೊಬ್ಬಳು ಅವನ ತೆರೆದ ಬಾಯಿಯನ್ನು ನೋಡಿ ಮುಖ ಪಕ್ಕಕ್ಕೆ ತಿರುಗಿಸಿ ನಕ್ಕಳು. ಅವನು ಬಾಯಿ ಮುಚ್ಚಿ, ಏನೋ ನೆನಪಾದವನಂತೆ ಮನೆಯೊಳಗೆ ನುಗ್ಗಿದ.

ಮರದ ಮೆಟ್ಟಿಲು ಹತ್ತುವಾಗ ಎಂದಿಗಿಂತ ಹೆಚ್ಚು ಸದ್ದು ಕೇಳಿಸಿತು. ಇಲ್ಲ, ಸದ್ದು ಅಷ್ಟೇ ಇತ್ತು, ಕಿವಿ ಬೇರೆಯಾಗಿತ್ತು. ಮೊದಲ ಅಂತಸ್ತಿನಲ್ಲಿ ಗಡಿಯಾರ ರಿಪೇರಿಯವರ ಬಾಗಿಲು ತೆರೆದಿತ್ತು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹೊರಗಿನ ಗದ್ದಲಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಬಗ್ಗಿ ಕೂತಿದ್ದರು. ಎದುರು ಬಾಗಿಲಿನ ಹಿಂದೆ ಎಳೆಮಗು ಅಳುತ್ತಿತ್ತು. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಅಕ್ಕನ ಬಾಗಿಲನ್ನು ತಳ್ಳಿದಾಗ ಅದು ಅರ್ಧಕ್ಕೆ ನಿಂತು, ಭುಜ ಕೊಟ್ಟು ನೂಕಿದ ಮೇಲೆ ತೆರೆಯಿತು. ಹಗಲಲ್ಲೂ ಲೈಟು ಉರಿಯುತ್ತಿತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು.

"ಬಾರೋ ಕುಳ್ಳ. ಏನೋ ಅದು, ಮೈಕ್ ಹಾಕಿ ಕಿವಿ ತೂತು ಮಾಡ್ತಿದಾರೆ. ಚಹಾ ಇಡ್ಲಾ?"

"ಬೇಡ. ಬಾಗಿಲು ಯಾವಾಗಿಂದ ಹೀಗೆ?"

"ಅದಕ್ಕೂ ನನ್ನ ಹಾಗೇ ಮಂಡಿ ಹಿಡ್ಕೊಂಡಿದೆ" ಎಂದು ನಕ್ಕಳು. ಅವನು ನಗಲಿಲ್ಲ. ಕೋಣೆಯಲ್ಲಿ ಏನೋ ಜಾಗ ಬದಲಾಯಿಸಿತ್ತು. ಅವನು ಓದುತ್ತಿದ್ದ ಮೇಜು ಅಲ್ಲೇ ಇತ್ತು, ಮಂಚ ಅಲ್ಲೇ ಇತ್ತು. ಕಬ್ಬಿಣದ ಬೀರು ಮಾತ್ರ ಕಿಟಕಿಯ ಬಳಿಯಿಂದ ಮೂಲೆಗೆ ಬಂದಿತ್ತು, ಅದೂ ಅರ್ಧ ಬಾಗಿಲು ತೆರೆಯಲಾಗದಂತೆ ಗೋಡೆಗೆ ಒತ್ತಿಕೊಂಡು. ಅಷ್ಟು ಭಾರದ ಬೀರನ್ನು ಒಬ್ಬಳೇ ತಳ್ಳಿದ್ದಾಳೆ. ಅವನು ಕೇಳದೆ ಹೋಗಿ ಬೀರಿಗೆ ಹೆಗಲು ಕೊಟ್ಟ. "ಏಯ್, ಬಿಡೋ ಅದನ್ನ" ಎಂದು ಅಕ್ಕ ಎದ್ದಳು. ಬೀರು ಕಿರ್ರೆಂದು ಜರುಗಿತು. ಹಿಂದೆ ಗೋಡೆಯಿರಲಿಲ್ಲ, ಬಟ್ಟೆಯಿತ್ತು. ನೆಲದಿಂದ ಕೈಗೆಟುಕುವವರೆಗೆ ಬಿರುಕಿನ ಉದ್ದಕ್ಕೂ ಹೊಲಿಗೆಯ ಚಿಂದಿಗಳನ್ನು ಕತ್ತರಿಯ ತುದಿಯಿಂದ ಒತ್ತೊತ್ತಿ ತುಂಬಿದ್ದಳು. ಒಳಗಡೆ ತೆಳುವಾದ ರವಿಕೆಯ ಅಂಚುಗಳು, ಅವುಗಳ ಮೇಲೆ ಅಂಗಿಯ ತುಂಡುಗಳು, ಎಲ್ಲಕ್ಕಿಂತ ಹೊರಗೆ ಕೋಟಿನ ದಪ್ಪ ಬಟ್ಟೆ. ಬಿರುಕು ಅಗಲವಾದ ಹಾಗೆಲ್ಲ ಬಟ್ಟೆ ದಪ್ಪವಾಗಿತ್ತು. ಅವನ ಗಾಜು ಹೇಳಬೇಕಾದದ್ದನ್ನೆಲ್ಲ ಈ ಚಿಂದಿ ಹೇಳುತ್ತಿತ್ತು. ಒಂದನ್ನು ಎಳೆದ. ತಣ್ಣನೆಯ ಗಾಳಿಯ ಜೊತೆಗೆ ಕೆಳಗಿನ ಮೈಕಿನ ಸದ್ದು ಒಳಗೆ ಬಂತು.

"ಗಾಳಿ ಬರ್ತಿತ್ತು, ಅದಕ್ಕೆ" ಎಂದಳು ಅಕ್ಕ.

"ನನಗ್ಯಾಕೆ ಹೇಳ್ಲಿಲ್ಲ?" ಅವನ ದನಿ ಅಧಿಕಾರಿಯದಾಗಿತ್ತು. ಅದು ಅವನಿಗೇ ಕೇಳಿಸಿ ನಾಚಿಕೆಯಾಯಿತು.

ಅಕ್ಕ ಅವನ ಕೈಯಿಂದ ಚಿಂದಿ ತೆಗೆದುಕೊಂಡು ಸುಮ್ಮನೆ ಮಡಿಸುತ್ತ ನಿಂತಳು. "ನಿನಗೆ ಗೊತ್ತಿತ್ತಲ್ಲೋ. ಅವತ್ತು ಬೆಳಿಗ್ಗೆ ನೀನು ಬಂದು ಗಾಜು ಬದಲಾಯಿಸಿದ್ದು ಈ ಕಿಟಕಿಯಿಂದಾನೇ ನೋಡ್ದೆ. ಚಹಾ ಕುಡ್ಕೊಂಡು ಹೋಗೋ ಅಂತ ಕೂಗೋಣ ಅಂತಿದ್ದೆ. ನೀನು ಒಡೆದಿದ್ದನ್ನ ಕರ್ಚೀಫಲ್ಲಿ ಕಟ್ಕೊಂಡು ಆಕಡೆ ಈಕಡೆ ನೋಡಿದೆ. ಆ ಮುಖ ನೋಡಿ ಸುಮ್ಮನಾದೆ. ಒಂದೆರಡು ದಿನ ನಿದ್ದೆ ಬರ್ಲಿಲ್ಲ. ಆಮೇಲೆ ಅಂದ್ಕೊಂಡೆ, ಅಲ್ಲಾ, ನಾನ್ಯಾಕೆ ಒದ್ದಾಡಲಿ? ಅವನು ಓದಿದವನು. ನಿಜವಾಗ್ಲೂ ಏನಾದ್ರೂ ಇದ್ದಿದ್ರೆ ನನ್ನನ್ನ ಇಲ್ಲಿ ಬಿಡ್ತಿದ್ನಾ? ಕೈ ಹಿಡಿದು ದರದರ ಎಳ್ಕೊಂಡು ಹೋಗ್ತಿದ್ದ. ಹಾಗಂದ್ಕೊಂಡ ಮೇಲೆ ಚೆನ್ನಾಗಿ ನಿದ್ದೆ ಬಂತು ನೋಡು."

ಅವನು ಮಂಚದ ಮೇಲೆ ಕೂತ. ಅವಳು ತನ್ನ ಪಾಡಿಗೆ ಮುಂದುವರಿಸಿದಳು, ಸಮಾಧಾನ ಮಾಡುವವಳ ದನಿಯಲ್ಲಿ. "ಗಡಿಯಾರದವರೂ ಕೇಳ್ತಿದ್ರು, ನಿಮ್ಮ ತಮ್ಮ ಏನಂತಾರೆ ಅಂತ. ನಾನೇ ಇಲ್ಲಿದೀನಲ್ಲ, ಇನ್ನೇನು ಬೇಕು ನಿಮಗೆ ಅಂದೆ. ಬಾಣಂತಿ ಹುಡುಗಿ ಹೆದರ್ಕೊಂಡು ತೌರಿಗೆ ಹೋಗ್ತೀನಿ ಅಂತ ಗಂಟು ಕಟ್ಟಿದ್ಲು. ಅವಳ್ನೂ ನಾನೇ ನಿಲ್ಲಿಸ್ದೆ." ಅವನಿಗೆ ಇಡೀ ಮನೆ ಒಮ್ಮೆಗೇ ಕಣ್ಣಿಗೆ ಕಟ್ಟಿತು. ಮೂರು ಅಂತಸ್ತಿನಲ್ಲಿ ಹಾಸಿಗೆ ಹಾಸಿ ನಿಶ್ಚಿಂತೆಯಾಗಿ ಮಲಗಿದ ಜನ, ಅವರ ನಿಶ್ಚಿಂತೆಗೆ ಕಾರಣ ಈ ಕೋಣೆಯಲ್ಲಿ ಉರಿಯುವ ಲೈಟು, ಆ ಲೈಟಿಗೆ ಕಾರಣ ತಾನು ಮಾತಾಡದೆ ಉಳಿದದ್ದು. ಅವನು ಈ ಮನೆಯ ಯಾರಿಗೂ ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದ, ಅಷ್ಟೆ. ಅದೇ ಈ ಮನೆಗೆ ಪಾಯವಾಗಿತ್ತು. ಎದ್ದು ಓಡಬೇಕೆನಿಸಿತು. ಕೆಳಗೆ ಸಾಹೇಬರು, ಮೇಲೆ ಅಕ್ಕ, ಊರಿನ ಆಚೆ ತುದಿಯಲ್ಲಿ ಒಂದು ಅಡುಗೆಮನೆ, ಎಲ್ಲಿಗೆ ಓಡಿದರೂ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದು ಕ್ಷಣ, ನಾಚಿಕೆಗೆಟ್ಟ ಒಂದು ಕ್ಷಣ, ಬೀರನ್ನು ಮತ್ತೆ ಗೋಡೆಗೆ ತಳ್ಳಿಬಿಡೋಣ ಎನಿಸಿತು. ಇಷ್ಟು ದಿನ ನಿಂತ ಗೋಡೆ ಇವತ್ತೇ ಬೀಳುತ್ತದೆಯೇ? ಬೀಳದಿರಬಹುದು. ವರ್ಷಗಟ್ಟಲೆ ಬೀಳದಿರಬಹುದು. ಆದರೆ ಇವಳು ಹಾಯಾಗಿ ನಿದ್ದೆ ಮಾಡಿದೆ ಎಂದದ್ದನ್ನು ಕೇಳಿಸಿಕೊಂಡ ಮೇಲೆ ಅವನು ಇನ್ನೊಂದು ರಾತ್ರಿ ಮಲಗಲಾರ.

"ಅಕ್ಕ, ಏಳು. ಹೋಗೋಣ."

"ಇರೋ, ಬೇರೆ ಬಟ್ಟೆ ಹಾಕ್ಕೋತೀನಿ. ಸಮಾರಂಭಕ್ಕೆ ಹೀಗೇ ಬರ್ಲಾ?"

"ಸಮಾರಂಭಕ್ಕಲ್ಲ. ಮನೆ ಬಿಟ್ಟು. ಈಗಲೇ. ಗಾಜು ಮತ್ತೆ ಒಡೆದಿದೆ. ಮೊದಲನೇ ಸಲ ಒಡೆದಾಗಲೇ ಹೇಳ್ಬೇಕಿತ್ತು ನಾನು."

ಅಕ್ಕ ಅವನ ಮುಖವನ್ನು ನೋಡಿದಳು. "ಮತ್ಯಾಕೆ ಹೇಳ್ಲಿಲ್ಲ?"

"ನಿನ್ನ ಮನೆ ಹೋಗುತ್ತಲ್ಲ ಅಂತ."

"ಹೂಂ" ಎಂದಳು ಅಕ್ಕ. ಆ ಹೂಂ ಅವನಿಗೆ ಚಿಕ್ಕಂದಿನಿಂದ ಪರಿಚಯ. ಹೊಟ್ಟೆನೋವು, ಇವತ್ತು ಶಾಲೆಗೆ ಹೋಗಲ್ಲ ಎಂದಾಗ ಅನ್ನುತ್ತಿದ್ದ ಹೂಂ. ಬೈಯುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ತಪ್ಪಾಯಿತು ಎನ್ನಬೇಕೆಂದು ನಾಲಿಗೆ ಹೊರಳಿಸಿದ, ಅಷ್ಟರಲ್ಲಿ ಅವಳು ಹೊಲಿಗೆ ಯಂತ್ರದ ಕೆಳಗಿನ ಬೆಲ್ಟು ಬಿಚ್ಚುತ್ತಿದ್ದಳು. ತಲೆಯ ಭಾಗವನ್ನು ಮೇಜಿನಿಂದ ಎತ್ತಿ, ಹಾಸಿಗೆಯ ಮೇಲಿನ ಚಾದರದಲ್ಲಿ ಸುತ್ತಿ ಅವನ ತೋಳಿಗೆ ಕೊಟ್ಟಳು. ಕಬ್ಬಿಣದ ಮುದ್ದೆ, ಎಣ್ಣೆಯ ವಾಸನೆ. ತಾನೊಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಕತ್ತರಿ, ಬೇರೆಯವರ ಪ್ಯಾಂಟು ತುಂಬಿಕೊಂಡಳು. "ಇದನ್ನ ಸಾಯಂಕಾಲ ಕೊಡ್ತೀನಿ ಅಂದಿದ್ದೆ" ಎಂದು ಗೊಣಗಿದಳು. ಲೈಟು ಆರಿಸಿದಳು. ಬಾಗಿಲು ಎಳೆದರೆ ಮುಚ್ಚಲಿಲ್ಲ. ಎರಡು ಸಲ ಎಳೆದು ಹಾಗೇ ಬಿಟ್ಟಳು.

ಇಳಿಯುವಾಗ ಅವನು ಯಾರನ್ನೂ ಕೂಗಲಿಲ್ಲ, ಕೂಗಬೇಕೆಂದು ಬಾಯಿ ತೆರೆದಿದ್ದ. ಅದರ ಅಗತ್ಯವೇ ಬೀಳಲಿಲ್ಲ. ಗಡಿಯಾರದವರು ತಲೆಯೆತ್ತಿ, ಅಕ್ಕನ ಕೈಯಲ್ಲಿನ ಚೀಲ ನೋಡಿದರು, ಅವನ ತೋಳಲ್ಲಿದ್ದ ಗಂಟು ನೋಡಿದರು. ಕಣ್ಣಿನ ಭೂತಗನ್ನಡಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ನೀವೂನಾ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ತಲೆಯಾಡಿಸಿದಳು. ಅವರು ಮತ್ತೇನೂ ಕೇಳದೆ, ಬಿಚ್ಚಿಟ್ಟಿದ್ದ ಗಡಿಯಾರದ ಸಾಮಾನುಗಳನ್ನು ಒಂದು ಡಬ್ಬಿಗೆ ಸುರಿದುಕೊಂಡು ಎದ್ದರು. ಅಕ್ಕ ಎದುರಿನ ಬಾಗಿಲು ತಟ್ಟಿ, "ಮಗೂನ ಎತ್ಕೊಂಡು ಬಾರೇ, ಉಳಿದಿದ್ದೆಲ್ಲ ಆಮೇಲೆ" ಎಂದಳು. ಬಾಣಂತಿ ಒಮ್ಮೆ ಅವಳ ಮುಖ ನೋಡಿದವಳು ಬಿಕ್ಕಿ ಅಳಲು ಶುರುಮಾಡಿದಳು. "ನೀವಿದೀರ ಅಂತಾನೇ ಇದ್ದೆನಲ್ಲಮ್ಮ" ಎಂದಳು. ಅಕ್ಕ ಮಗುವಿಗೆ ಟೋಪಿ ಹಾಕಿದಳು. ಕೆಳಗಿನ ಮನೆಗಳವರೂ ಬಾಗಿಲಿಗೆ ಬಂದರು, ನೋಡಿದರು, ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದರು. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ಸ್ವಲ್ಪ ಹಗುರವಾಗುತ್ತಿತ್ತು.

ಹೀಗೆ ಅವರು ಹೊರಗೆ ಬಂದರು, ಮುಂದೆ ಗಂಟು ಹೊತ್ತ ಅವನು, ಪಕ್ಕದಲ್ಲಿ ಅಕ್ಕ, ಹಿಂದೆ ಒಬ್ಬೊಬ್ಬರಾಗಿ ಇಡೀ ಮನೆ. ಬಿಸಿಲು ಕಣ್ಣಿಗೆ ಹೊಡೆಯಿತು. ಕುರ್ಚಿಗಳೆಲ್ಲ ತುಂಬಿದ್ದವು. ಮೈಕಿನಲ್ಲಿದ್ದವನು ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣವೇ ಸಾವರಿಸಿಕೊಂಡು, "ಇಗೋ, ಈ ಪಾರಂಪರಿಕ ಕಟ್ಟಡದ ನಿವಾಸಿಗಳೇ ನಮ್ಮ ಮುಂದೆ ಬರುತ್ತಿದ್ದಾರೆ! ಜೋರಾದ ಚಪ್ಪಾಳೆ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಬೆದರಿ ಮಗು ಕಿರುಚಿತು. ಗಡಿಯಾರದವರು ಡಬ್ಬಿಯನ್ನು ಎದೆಗವಚಿಕೊಂಡು ಏನು ಮಾಡಬೇಕೆಂದು ತಿಳಿಯದೆ ಕೈಮುಗಿಯಲು ನೋಡಿದರು. ಸಾಹೇಬರು ಸಂತೋಷದಿಂದ ಎದ್ದು ಬಂದು, "ಒಳ್ಳೆ ಕೆಲಸ ಮಾಡಿದ್ರಿ ಕಣ್ರೀ, ಎಲ್ಲರನ್ನೂ ಕರ್ಕೊಂಡು ಬಂದ್ರಲ್ಲ" ಎಂದು ಬೆನ್ನು ತಟ್ಟಿದರು. ತೋಳಿನಲ್ಲಿದ್ದ ಗಂಟನ್ನು ನೋಡಿ ಅದೇನೆಂದು ಅರ್ಥವಾಗದೆ ನಕ್ಕರು. ಅವನ ಎರಡೂ ಕೈ ತುಂಬಿದ್ದರಿಂದ ಮೈಕಿನವನೇ ಮೈಕನ್ನು ತಂದು ಅವನ ಬಾಯಿಗೆ ಹಿಡಿದ.

ತನ್ನ ಉಸಿರು ಬೀದಿಯ ತುದಿಯವರೆಗೆ ಹೋಗಿ ಬರುವುದು ಅವನಿಗೆ ಕೇಳಿಸಿತು. "ಕಟ್ಟಡ ಹಳೆಯದು" ಎಂದ, ಅಭ್ಯಾಸಬಲದಿಂದ. ಆಮೇಲೆ ನಿಂತ. ಎರಡನೆಯ ಸಾಲಿನ ತುದಿಯಲ್ಲಿ ಹೆಂಡತಿ ಕೂತಿದ್ದಳು, ಅವನ ಅಂಗಿಯ ಕಾಲರನ್ನೇ ನೋಡುತ್ತಿದ್ದಂತೆ ಕಂಡಿತು. "ಕಟ್ಟಡ ಭದ್ರವಾಗಿಲ್ಲ. ಗೋಡೆ ಹೊರಕ್ಕೆ ವಾಲಿದೆ. ನನಗೆ ಮೊದಲೇ ಗೊತ್ತಿತ್ತು, ನಾನು ಹೇಳಲಿಲ್ಲ. ದಯವಿಟ್ಟು ಎಲ್ಲರೂ ಎದ್ದು ಹಿಂದಕ್ಕೆ ಸರೀರಿ." ಯಾರೋ ಒಬ್ಬ ನಕ್ಕ, ಆಮೇಲೆ ನಗು ನಿಂತಿತು. ಸಾಹೇಬರ ಕೈ ಅವನ ಬೆನ್ನಿನ ಮೇಲೆ ಇದ್ದದ್ದು ಸುಟ್ಟುಕೊಂಡಂತೆ ಸರಿಯಿತು. "ಏನಯ್ಯಾ ಇದು, ತಲೆ ನೆಟ್ಟಗಿದೆಯಾ ನಿನಗೆ?" ಎಂದು ಅವರು ಹಲ್ಲು ಕಚ್ಚಿ ಹೇಳಿದ್ದೂ ಮೈಕಿನಲ್ಲಿ ಹೋಯಿತು. ಕುರ್ಚಿಗಳು ಕರಕರ ಎಂದವು. ಜನ ಏಳುತ್ತಿದ್ದರು, ಮೇಲೆ ನೋಡುತ್ತಿದ್ದರು, ಆ ದೊಡ್ಡ ಹೆಂಗಸಿನ ಜಡೆ ತಮ್ಮ ತಲೆಯ ಮೇಲೇ ಬಿಚ್ಚಿ ಬೀಳುತ್ತದೆಯೋ ಎಂಬಂತೆ. ಚಿತ್ರದ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮೈಕು ಇನ್ನೂ ಅವನ ಬಾಯಿಯ ಹತ್ತಿರವೇ ಇತ್ತು. ಹಿಡಿದವನಿಗೆ ಅದನ್ನು ಆರಿಸಬೇಕೆಂಬ ನೆನಪೂ ಇರಲಿಲ್ಲ. ಅಕ್ಕ ಅವನ ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತಿದ್ದಳು. ಅವಳು ಕೇಳಿದ್ದು ಅವನೊಬ್ಬನನ್ನೇ, ಅದೂ ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದವಳ ಹಾಗೆ.

"ಸರಿ ಕಣೋ, ಇಳಿದು ಬಂದೆ. ಈಗ ಯಾರ ಮನೆಗೆ ಹೋಗ್ಲಿ?"

ಆ ಮಾತು ಬೀದಿಯ ಎರಡೂ ಕಡೆಯ ಧ್ವನಿವರ್ಧಕಗಳಲ್ಲಿ ದೊಡ್ಡದಾಗಿ ಕೇಳಿಸಿತು. ತನ್ನದೇ ದನಿಗೆ ಅಕ್ಕ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಅವನ ತೋಳುಗಳು ಸೋಲುತ್ತಿದ್ದವು, ಗಂಟನ್ನು ಇಳಿಸಲು ಜಾಗ ಕಾಣಲಿಲ್ಲ. ನಮ್ಮ ಮನೆಗೆ ಎನ್ನಲು ಬಾಯಿ ತೆರೆದು ಎರಡನೆಯ ಸಾಲಿನ ಕಡೆ ನೋಡಿದ. ಹೆಂಡತಿ ಎದ್ದು ನಿಂತಿದ್ದಳು. ಸುತ್ತಲಿನವರೆಲ್ಲ ಅವನು ಹೇಳಿದಂತೆ ಹಿಂದಕ್ಕೆ ಸರಿಯುತ್ತಿದ್ದರು. ಅವಳೂ ಅವನನ್ನೇ ನೋಡುತ್ತ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು.